ರಿಮ್ಯಾಪ್ ಮಾಡಿಸಿದ ಪೋಲೊ, ಸೀಟು ಕಿತ್ತ ಎಸ್ಟೀಮ್: ನಿಜವಾಗಿ ಯಾವುದು ಫಾಸ್ಟ್?

ನಮ್ಮ ಹತ್ರ ಎರಡು ಕಾರಿವೆ. ಒಂದು, ದಿನಾ ಆಫೀಸಿಗೆ ಹೋಗಿಬರುವ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, 1.2 ಲೀಟರ್ ಟರ್ಬೊ ಇಂಜಿನ್‌ನದ್ದು. ಇನ್ನೊಂದು, ನಾನೂ ಭಾವಮೈದನೂ ದುಡ್ಡು ಸೇರಿಸಿ ಕೊಂಡ ಹಳೇ ಮಾರುತಿ ಎಸ್ಟೀಮ್. ಇದು ಟ್ರ್ಯಾಕಿಗೆ ಮಾತ್ರ. ಕೆಲವು ವರ್ಷಗಳಿಂದ ಎರಡನ್ನೂ ಓಡಿಸುತ್ತಿದ್ದೇನೆ. ಯಾವುದು ಫಾಸ್ಟ್ ಅಂತ ಕೇಳಿದರೆ ನನ್ನ ಉತ್ತರ ಇಷ್ಟು: ರಸ್ತೆಯಲ್ಲಿ ಪೋಲೊ, ಟ್ರ್ಯಾಕಿನ ಮೊದಲ ಲ್ಯಾಪಿನಲ್ಲೂ ಪೋಲೊ, ಅಲ್ಲಿಂದ ಮುಂದೆ ಎಸ್ಟೀಮ್.

ಪೋಲೊ ಕಂಪನಿಯಿಂದ ಬರುವಾಗ 105 ಪಿಎಸ್ ಪವರ್ (ಪಿಎಸ್ ಅಂದರೆ ಹೆಚ್ಚುಕಡಿಮೆ ಎಚ್‌ಪಿನೇ), 175 ಎನ್ಎಂ ಟಾರ್ಕ್. ಸ್ಟೇಜ್ 1 ರಿಮ್ಯಾಪ್, ಅಂದರೆ ಇಂಜಿನ್ನಿನ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ, ಆದಮೇಲೆ ಸುಮಾರು 135 ಪಿಎಸ್ ಅಂತ ಡೈನೊ (ಪವರ್ ಅಳೆಯುವ ಯಂತ್ರ) ಚೀಟಿ ಹೇಳುತ್ತೆ. ಡೈನೊ ಚೀಟಿಯನ್ನು ಪೂರ್ತಿ ನಂಬಬೇಡಿ, ಆದರೆ ವ್ಯತ್ಯಾಸ ಗೊತ್ತಾಗೋದಂತೂ ನಿಜ. ಹೊಸೂರು ದಾಟಿದ ಮೇಲೆ ಲಾರಿ ಹಿಂದೆ ಸಿಕ್ಕಿಕೊಂಡಾಗ ಕಾಲು ಸ್ವಲ್ಪ ಒತ್ತಿದರೆ ಸಾಕು, ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಎರಡು ಗೇರ್ ಇಳಿಸಿ ಎಳೆದುಕೊಂಡು ಹೋಗುತ್ತೆ. ಎಸಿ ಆನ್, ಹಿಂದೆ ಮಗು ಮಲಗಿದೆ, ಡಿಕ್ಕಿ ತುಂಬ ಲಗೇಜು. ಇಂಥ ಸುಖ ಎಸ್ಟೀಮಿನಲ್ಲಿ ಕನಸಿನ ಮಾತು.

ಎಸ್ಟೀಮಿನ ಕಥೆ ಬೇರೆ. 1.3 ಲೀಟರ್ ಎಂಪಿಎಫ್‌ಐ ಇಂಜಿನ್, ಹೊಸದರಲ್ಲಿ 85 ಎಚ್‌ಪಿ. ಕಾರಿನ ತೂಕವೇ 900 ಕೆಜಿಗಿಂತ ಕಡಿಮೆ. ಅದಕ್ಕೇ ಒಂದು ಕಾಲದಲ್ಲಿ ನಮ್ಮ ದೇಶದ ರೇಸು, ರ‍್ಯಾಲಿ ಎಲ್ಲಿ ನೋಡಿದರೂ ಎಸ್ಟೀಮೇ. ಇಂಜಿನ್ನಿಗೆ ನಾವು ಹೆಚ್ಚೇನೂ ಮಾಡಿಸಲಿಲ್ಲ, ತೂಕ ಇಳಿಸಿದೆವು ಅಷ್ಟೆ. ಹಿಂದಿನ ಸೀಟು, ಕಾರ್ಪೆಟ್, ಡೋರ್ ಪ್ಯಾಡು, ಎಸಿ ಕಂಪ್ರೆಸರ್ ಎಲ್ಲ ಹೊರಗೆ. ಪ್ರಾಣ ತಿಂದಿದ್ದು ಫ್ಲೋರಿಗೆ ಅಂಟಿಸಿದ ಕಪ್ಪು ಡಾಂಬರಿನ ಹಾಳೆ. ಶಬ್ದ ಕಡಿಮೆಯಾಗಲಿ ಅಂತ ಹಾಕಿರ್ತಾರೆ. ಹೀಟ್ ಗನ್‌ನಲ್ಲಿ ಬಿಸಿ ಮಾಡಿ ಉಳಿಯಲ್ಲಿ ಕೆರೆಯಬೇಕು. ಬಿಸಿ ಜಾಸ್ತಿಯಾದರೆ ಕರಗಿ ಕೈಗೆ ಮೆತ್ತುತ್ತೆ, ಕಡಿಮೆಯಾದರೆ ಚೂರು ಚೂರಾಗಿ ಕಣ್ಣಿಗೆ ಹಾರುತ್ತೆ. ರೋಲ್ ಕೇಜ್ (ಕಾರು ಉರುಳಿದರೆ ಕಾಪಾಡುವ ಒಳಗಿನ ಪೈಪಿನ ಚೌಕಟ್ಟು) ಹಾಕಿದ್ದರಿಂದ ಸ್ವಲ್ಪ ತೂಕ ವಾಪಸ್ ಬಂತು. ಕೊನೆಗೆ ವೇಬ್ರಿಡ್ಜ್ ತೋರಿಸಿದ್ದು 780 ಕೆಜಿ.

ಈಗ ಲೆಕ್ಕ ಹಾಕಿ. ಪೋಲೊ ಸುಮಾರು 1,110 ಕೆಜಿ. ಡ್ರೈವರ್ ತೂಕವನ್ನೂ ಸೇರಿಸಿ, ಒಂದು ಟನ್ನಿಗೆ ಎಷ್ಟು ಪವರ್ ಅಂತ ಭಾಗಿಸಿದರೆ ಪೋಲೊಗೆ ಹತ್ತಿರ ಹತ್ತಿರ 114, ಎಸ್ಟೀಮಿಗೆ 100. ಅಂದರೆ ಕಾಗದದ ಮೇಲೆ ಗೆಲ್ಲುವುದು ಪೋಲೊನೇ. ರಿಮ್ಯಾಪ್ ಮಾರುವವರು ಈ ಲೆಕ್ಕವನ್ನಷ್ಟೇ ತೋರಿಸುತ್ತಾರೆ.

ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನ ಉದ್ದ 3.7 ಕಿಲೋಮೀಟರ್, 12 ತಿರುವು. ಸ್ಟ್ರೇಟ್‌ನಲ್ಲಿ ಪೋಲೊ ಆರಾಮಾಗಿ ಮುಂದೆ ಹೋಗುತ್ತೆ, ಎಸ್ಟೀಮಿನಲ್ಲಿರೋರು ನೋಡ್ತಾ ಕೂರಬೇಕು. ಆಮೇಲೆ ಬಿಸಿಲು ತನ್ನ ಕೆಲಸ ಶುರು ಮಾಡುತ್ತೆ. ಟರ್ಬೊಗೆ ಹೋಗುವ ಗಾಳಿ ಕಾದಷ್ಟೂ ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ತಾನಾಗಿ ಇಗ್ನಿಷನ್ ಟೈಮಿಂಗ್ (ಕಿಡಿ ಹಾರಿಸುವ ಹೊತ್ತು) ಹಿಂದಕ್ಕೆ ತರುತ್ತೆ. ದುಡ್ಡು ಕೊಟ್ಟು ತಂದ 30 ಪಿಎಸ್‌ನಲ್ಲಿ ಒಂದಷ್ಟು ಅಲ್ಲೇ ಆವಿ. ಮೂರನೇ ಲ್ಯಾಪಿಗೆ ಬ್ರೇಕ್ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತೆ. ಪಿಟ್‌ಗೆ ಬಂದರೆ ಕ್ಲಚ್ ಸುಟ್ಟಂಥ ವಾಸನೆ, ಆದರೆ ಬರೋದು ಮುಂದಿನ ಚಕ್ರಗಳಿಂದ. ಪ್ಯಾಡ್ ಬಿಚ್ಚಿ ನೋಡಿದರೆ ಮೇಲ್ಮೈ ಗಾಜಿನ ಹಾಗೆ ಹೊಳೆಯುತ್ತಿರುತ್ತೆ. ಇದು ಕಾರಿನ ತಪ್ಪಲ್ಲ. ರಸ್ತೆಗೆ ಅಂತ ಮಾಡಿದ ಸಾಮಾನ್ಯ ಕಾರುಗಳ ಬ್ರೇಕು ಇದಕ್ಕೆ ತಯಾರಿರಲ್ಲ.

ಗಂಟೆಗೆ 150 ಕಿಲೋಮೀಟರ್ ವೇಗದಿಂದ ನಿಲ್ಲಿಸುವಾಗ ತೂಕ ಕಡಿಮೆ ಇರೋದರಿಂದ ಎಸ್ಟೀಮಿನ ಬ್ರೇಕು ನುಂಗಬೇಕಾದ ಶಾಖ ಪೋಲೊದರ ಮುಕ್ಕಾಲು ಭಾಗಕ್ಕಿಂತ ಕಡಿಮೆ. ಅದೂ ಪ್ರತಿ ತಿರುವಿಗೆ, ಪ್ರತಿ ಲ್ಯಾಪಿಗೆ. ಟೈರಿಗೂ ಅಷ್ಟೇ. ಸಿ1 ಅಂತ ಕರೆಯುವ ಮೊದಲ ತಿರುವು ಬಹಳ ವೇಗದ್ದು. ಅಲ್ಲಿ ಎಸ್ಟೀಮ್ ಮಾತು ಕೇಳುತ್ತೆ, ಪೋಲೊ ಮೂತಿ ಹೊರಗಡೆಗೆ ಎಳೆಯುತ್ತೆ. ಐದನೇ ಲ್ಯಾಪಿನ ಹೊತ್ತಿಗೆ ಎಸ್ಟೀಮ್ ತನ್ನ ಮೊದಲ ಲ್ಯಾಪಿನ ಟೈಮನ್ನೇ ಹಾಕುತ್ತಿರುತ್ತೆ, ಪೋಲೊ ನಾಲ್ಕೈದು ಸೆಕೆಂಡು ಕಳೆದುಕೊಂಡಿರುತ್ತೆ. ಪೋಲೊಗೂ ಒಳ್ಳೇ ಗ್ರಿಪ್‌ನ ಟೈರ್ ಹಾಕಿ ನೋಡಿದೆವು. ಒಂದು ಲ್ಯಾಪ್ ಭಲೇ ಅನ್ನಿಸಿತು. ಆಮೇಲೆ ಮುಂದಿನ ಟೈರುಗಳ ಹೊರ ಅಂಚು ರಬ್ಬರ್ ಉದುರಿಸಿಕೊಂಡು ನಿಂತಿತು.

ಹಗುರದ ಕಾರಿನ ಈ ಲಾಭವನ್ನು ಭಾರತದವರೇನೂ ಹೊಸದಾಗಿ ಕಲಿಯಬೇಕಿಲ್ಲ. ಕೊಯಮತ್ತೂರಿನ ಕರಿವರ್ಧನ್ ಮಾರುತಿ 800ರ ಇಂಜಿನ್ ಹಾಕಿ ಫಾರ್ಮುಲಾ ಮಾರುತಿ ಅನ್ನುವ ಒಂಟಿ ಸೀಟಿನ ರೇಸ್ ಕಾರು ಮಾಡಿದ್ದು ಇದೇ ಲೆಕ್ಕದ ಮೇಲೆ. ಇಂಗ್ಲೆಂಡಿನ ಕೇಟರ್‌ಹ್ಯಾಮ್ ಸೆವೆನ್ 170 ನೋಡಿ: 660 ಸಿಸಿಯ ಸುಜುಕಿ ಇಂಜಿನ್, 84 ಎಚ್‌ಪಿ, ತೂಕ ಸುಮಾರು 440 ಕೆಜಿ. ನಮ್ಮ ಎಸ್ಟೀಮಿನಷ್ಟೇ ಪವರ್, ತೂಕ ಹತ್ತಿರ ಹತ್ತಿರ ಅರ್ಧ! ಹೊಟ್ಟೆಕಿಚ್ಚಾಗುತ್ತೆ.

ಹಾಗಂತ ಎಸ್ಟೀಮ್ ಸಾಕೋದು ಸುಲಭ ಅಂದುಕೊಳ್ಳಬೇಡಿ. ರಸ್ತೆಯಲ್ಲಿ ಓಡಿಸೋ ಹಾಗಿಲ್ಲ, ಬೆಂಗಳೂರಿನಿಂದ ಟ್ರ್ಯಾಕಿನವರೆಗೆ ಟ್ರಕ್ಕಿನ ಮೇಲೆ ಹೋಗಬೇಕು. ಆ ಬಾಡಿಗೆ, ಟ್ರ್ಯಾಕ್ ಫೀಸು, ಟೈರು ಸೇರಿದರೆ ಒಂದು ವಾರಾಂತ್ಯಕ್ಕೆ ಜೇಬು ಖಾಲಿ. ಒಳಗೆ ಕೂತರೆ ಕುಲುಮೆ. ಗೇರ್‌ಬಾಕ್ಸಿನ ಕಿರುಚಾಟ ಸಂಜೆವರೆಗೂ ಕಿವಿಯಲ್ಲಿ ಇರುತ್ತೆ. ಮನೆಯಲ್ಲಿ ಪಾರ್ಕಿಂಗ್ ಜಾಗದ ಜಗಳ ಬೇರೆ.

ಪೋಲೊಗೂ ಅರ್ಧಂಬರ್ಧ ರೇಸ್ ಕಾರಿನ ವೇಷ ಹಾಕಿಸೋಣ ಅನ್ನುವವರಿಗೆ ಒಂದು ಮಾತು. ದಿನಾ ಓಡಿಸುವ ಕಾರಿಗೆ ರೋಲ್ ಕೇಜ್ ಬೇಡವೇ ಬೇಡ. ಹೆಲ್ಮೆಟ್ ಇಲ್ಲದ ತಲೆ ಆ ಪೈಪಿಗೆ ಬಡಿದರೆ ಮುಗೀತು. ಕಾನೂನೂ ಇದೆ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಸ್ಪೆಸಿಫಿಕೇಶನ್‌ಗೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿಯಾಗಿ ಹೇಳಿತು. ರಿಮ್ಯಾಪ್ ವಿಷಯ ಇನ್ಶೂರೆನ್ಸ್‌ನವರಿಗೆ ತಿಳಿಸದಿದ್ದರೆ ಕ್ಲೇಮಿನ ಹೊತ್ತಿಗೆ ತಕರಾರು ಬರಬಹುದು. ಮ್ಯಾಪ್ ಹಾಕುವ ಅಂಗಡಿಯಲ್ಲಿ ನನಗೆ ಇದನ್ನು ಯಾರೂ ಹೇಳಲಿಲ್ಲ. "ಏನೂ ಆಗಲ್ಲ ಬಿಡಿ ಸರ್" ಅಂದರು, ಬಿಲ್ಲು ಕೊಟ್ಟರು.

ವರ್ಷಕ್ಕೆ ಒಂದೆರಡು ಸಲ ಟ್ರ್ಯಾಕಿಗೆ ಹೋಗೋರಾದರೆ ಮ್ಯಾಪಿನ ದುಡ್ಡು ಹಾಗೇ ಇಟ್ಟುಕೊಳ್ಳಿ. ಮೊದಲು ಒಳ್ಳೇ ಬ್ರೇಕ್ ಪ್ಯಾಡು, ಹೊಸ ಡಾಟ್ 4 ಬ್ರೇಕ್ ಆಯಿಲ್ ಹಾಕಿಸಿ. ಆಯಿಲ್ ನೀರಿನ ಪಸೆ ಹೀರಿ ಹಳತಾದಷ್ಟೂ ಬೇಗ ಕುದಿಯುತ್ತೆ, ಪೆಡಲ್ ಒಳಗೆ ಹೋಗೋದು ಅದಕ್ಕೇ. ಹುಚ್ಚು ಪೂರ್ತಿ ಹಿಡಿದಿದ್ದರೆ ಹಳೇ ಹಗುರದ ಕಾರೊಂದು ಹುಡುಕಿ, ಜೊತೆಗೆ ದುಡ್ಡು ಹಾಕೋಕೆ ಒಬ್ಬ ಪಾರ್ಟ್‌ನರ್ ಹುಡುಕಿ. ಬಿಡಿಭಾಗಕ್ಕೆ ಅಲೆಯೋಕೂ ಜನ ಬೇಕು. ನಮ್ಮದರಲ್ಲಿ ಈಗ ಎರಡನೇ ಗೇರಿನ ಸಿಂಕ್ರೊ (ಗೇರ್ ಸಲೀಸಾಗಿ ಬೀಳೋ ಹಾಗೆ ಮಾಡುವ ರಿಂಗು) ಸವೆದು ಕರಕರ ಅನ್ನುತ್ತಿದೆ. ಜೆಸಿ ರೋಡಿನಲ್ಲಿ ಸಿಗಲಿಲ್ಲ, ಶಿವಾಜಿನಗರದ ಗುಜರಿಯಲ್ಲಿ ಹೇಳಿಟ್ಟಿದ್ದೇವೆ.