ಹಿರಿಯರ ತರಬೇತಿ ಕೋರ್ಸ್: ಮೊದಲ ವರ್ಷಕ್ಕೆ ಸರಿ, ಆಮೇಲೆ?

ಪ್ರೆಸ್ಬಿಟೇರಿಯನ್ (ಒಂದು ಪ್ರಾಟೆಸ್ಟಂಟ್ ಪಂಗಡ) ಸಭೆಗಳಲ್ಲಿ ಸೆಷನ್‌ಗೆ, ಅಂದರೆ ಚರ್ಚ್ ನಡೆಸುವ ಸಮಿತಿಗೆ, ಹೊಸದಾಗಿ ಆಯ್ಕೆಯಾದ ಹಿರಿಯರಿಗೆ (ಎಲ್ಡರ್, ವಯಸ್ಸಲ್ಲ, ಹುದ್ದೆ) ಅಂತಲೇ ಮಾಡಿರುವ ಆನ್‌ಲೈನ್ ಕೋರ್ಸ್ ಇದು. ವಿಡಿಯೋ ಪಾಠಗಳಿವೆ, ಪ್ರಿಂಟ್ ತೆಗೆದುಕೊಳ್ಳುವ ವರ್ಕ್‌ಬುಕ್ ಇದೆ, ಸೆಷನ್‌ನ ದಾಖಲೆ ನೋಡಿಕೊಳ್ಳುವ ಸೆಷನ್ ಕ್ಲರ್ಕ್‌ಗೆ ಬೇರೆಯೇ ಒಂದು ಭಾಗ ಇದೆ. ನನ್ನ ಮೊದಲ ಅವಧಿ ಮುಗಿದು ಎರಡನೆಯದು ನಡೆಯುತ್ತಿದೆ. ಅಷ್ಟು ದಿನದಿಂದ ಇದು ನನ್ನ ಕೈಯಲ್ಲಿದೆ. ಹೊಸಬರು ಬಂದಾಗಲೆಲ್ಲ ಅವರ ಜೊತೆ ಕೂತು ಮತ್ತೆ ನೋಡಿದ್ದೂ ಇದೆ.

ಇತಿಹಾಸದ ಪಾಠ ಸುಮಾರು. 1541ರಲ್ಲಿ ಜಿನೀವಾದಲ್ಲಿ ಚರ್ಚ್ ಸುಧಾರಕ ಕ್ಯಾಲ್ವಿನ್ ಪಾಸ್ಟರ್, ಬೋಧಕ, ಹಿರಿಯ, ಡೀಕನ್ (ಬಡವರ ನೆರವು ನೋಡುವವರು) ಅಂತ ನಾಲ್ಕು ಸೇವೆಗಳನ್ನು ಗುರುತಿಸಿದ್ದು, 1560ರ ಸ್ಕಾಟ್ಲೆಂಡ್‌ನ ಚರ್ಚ್ ಸುಧಾರಣೆ, ಅದರ ಮುಂದಾಳು ಜಾನ್ ನಾಕ್ಸ್, ಎಲ್ಲ ಬರುತ್ತದೆ. ಒಮ್ಮೆ ನೋಡಿದರೆ ಸಾಕು.

ದುಡ್ಡು ಕೊಟ್ಟಿದ್ದಕ್ಕೆ ಸಾರ್ಥಕ ಅನ್ನಿಸಿದ್ದು ನಡಾವಳಿ (ಮೀಟಿಂಗ್ ಮಿನಿಟ್ಸ್) ಬರೆಯುವ ಪಾಠ. ಬೋರ್ ಹೊಡೆಸುವ ವಿಷಯ ಅಲ್ವಾ? ಆದರೆ ಹೇಳಿಕೊಟ್ಟ ರೀತಿ ಚೆನ್ನಾಗಿದೆ. ಒಂದು ಕೆಟ್ಟ ನಡಾವಳಿಯನ್ನು ಮುಂದಿಟ್ಟು, ಏನೇನು ಹೊಡೆದು ಹಾಕಬೇಕು ಹೇಳಿ ಅನ್ನುತ್ತಾರೆ. 'ಬಿಸಿ ಬಿಸಿ ಚರ್ಚೆ ನಡೆಯಿತು' ಅನ್ನುವ ಸಾಲು ಹೋಗಬೇಕು. ಯಾರು ಏನು ಅಂದರು ಅನ್ನುವುದೂ ಹೋಗಬೇಕು. ತೀರ್ಮಾನ ಏನಾಯಿತು ಅನ್ನುವುದು ಉಳಿಯಬೇಕು. ಠರಾವು ಮಂಡಿಸಿದವರ ಹೆಸರು ಬೇಕು, ಅನುಮೋದಿಸಿದವರ ಹೆಸರು ಬೇಕಾಗಿಲ್ಲ. ಇದೆಲ್ಲ ಹೆನ್ರಿ ರಾಬರ್ಟ್ 1876ರಲ್ಲಿ ಹೊರತಂದ ಸಭಾ ನಿಯಮಗಳ ದಾರಿ. ನಡಾವಳಿ ಪುಸ್ತಕ ಪರಿಶೀಲನೆಗೆ ಪ್ರೆಸ್ಬಿಟರಿಗೆ (ಆ ಪ್ರದೇಶದ ಸಭೆಗಳ ಮೇಲಿನ ಆಡಳಿತ ಮಂಡಳಿ) ಹೋಗುತ್ತದಲ್ಲ, ಅಲ್ಲಿ ಈ ಪಾಠದ ಬೆಲೆ ಗೊತ್ತಾಗುತ್ತದೆ.

ಕಾಯಿಲೆಯವರನ್ನು ನೋಡಲು ಹೋಗುವ ಪಾಠವೂ ಅಷ್ಟೇ ಗಟ್ಟಿ. ಕಾಯಿಲೆಯವರು ಸಭೆಯ ಹಿರಿಯರನ್ನು ಪ್ರಾರ್ಥನೆಗೆ ಕರೆಸಲಿ ಅನ್ನುವ ಬೈಬಲ್ ವಚನ, ಯಾಕೋಬ 5:14, ಓದಿಸಿ ಅಲ್ಲಿಗೇ ಬಿಡುವುದಿಲ್ಲ. ಹಾಸಿಗೆ ಪಕ್ಕ ನಿಂತೇ ಮಾತಾಡಬೇಡಿ, ಕುರ್ಚಿ ಎಳೆದುಕೊಂಡು ಕೂತುಕೊಳ್ಳಿ. 'ಪ್ರಾರ್ಥನೆ ಮಾಡಲಾ?' ಅಂತ ಮೊದಲು ಕೇಳಿ. ಅವರ ಕಾಯಿಲೆಯನ್ನು ಭಾನುವಾರದ ಪ್ರಾರ್ಥನೆಯಲ್ಲಿ ಹೇಳಬಹುದಾ ಅಂತ ಅವರನ್ನೇ ಕೇಳಿ. ಕೊನೆಯದನ್ನು ಹಳೆಯ ಹಿರಿಯರಿಗೂ ಒಮ್ಮೆ ತೋರಿಸಬೇಕು, ಸುಮ್ನೆ ಹೇಳುತ್ತಿಲ್ಲ!

ಹಣಕಾಸಿನ ಭಾಗ ಚಿಕ್ಕದು. ಕಟ್ಟಡಕ್ಕೆ ಅಂತ ಕೊಟ್ಟ ಕಾಣಿಕೆಯನ್ನು ಸಂಬಳಕ್ಕೆ ಬಳಸುವ ಹಾಗಿಲ್ಲ ಅನ್ನುವಷ್ಟು ಸ್ಪಷ್ಟವಾಗಿ ಹೇಳುತ್ತಾರೆ, ಪರವಾಗಿಲ್ಲ.

ಈಗ ಕೊರತೆ. ಕೋರ್ಸ್ ಪೂರ್ತಿ ಅಮೆರಿಕದ ಪಿಸಿಯುಎಸ್‌ಎ (ಪ್ರೆಸ್ಬಿಟೇರಿಯನ್ ಚರ್ಚ್, ಯುಎಸ್‌ಎ) ನಿಯಮಗಳ ಮೇಲೆ ನಿಂತಿದೆ. ಅಲ್ಲಿ ಹಿರಿಯರು ಸೆಷನ್‌ನಲ್ಲಿ ಒಂದು ಅವಧಿಗೆ ಹೆಚ್ಚೆಂದರೆ 3 ವರ್ಷ, ಸತತವಾಗಿ 6 ವರ್ಷಕ್ಕಿಂತ ಜಾಸ್ತಿ ಇರುವಂತಿಲ್ಲ. ಚರ್ಚ್ ಆಫ್ ಸ್ಕಾಟ್ಲೆಂಡ್‌ನಲ್ಲಿ ಹಿರಿಯರ ನೇಮಕ ಜೀವನಪೂರ್ತಿಗೆ. ಬೇರೆ ಪ್ರೆಸ್ಬಿಟೇರಿಯನ್ ಸಭೆಯವರು ತಮ್ಮ ನಿಯಮದ ಪುಸ್ತಕ ಪಕ್ಕದಲ್ಲಿ ಇಟ್ಟುಕೊಂಡೇ ನೋಡಬೇಕು. ಈ ಎಚ್ಚರಿಕೆಯನ್ನು ತಯಾರಿಸಿದವರು ಶುರುವಿನಲ್ಲೇ ಹಾಕಬೇಕಿತ್ತು.

ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಮೊದಲ ವರ್ಷ ಹೊಸ ಹಿರಿಯರು ಹೆಚ್ಚಾಗಿ ಕೇಳಿಸಿಕೊಳ್ಳುತ್ತಾರೆ. ಎರಡನೇ ವರ್ಷ ಜನ ಅವರನ್ನು ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ಪಾಸ್ಟರ್ ಬಗ್ಗೆ ದೂರು ಹೇಳಲು ಶುರುಮಾಡುತ್ತಾರೆ. ಆಗ ಏನು ಹೇಳಬೇಕು? ಆ ದೂರನ್ನು ಸೆಷನ್‌ಗೆ ತರಬೇಕಾ, ನೇರ ಪಾಸ್ಟರ್ ಹತ್ತಿರ ಹೋಗಬೇಕಾ? ಯಾವ ಹಂತದಲ್ಲಿ ಪ್ರೆಸ್ಬಿಟರಿಯ ಸಹಾಯ ಕೇಳಬೇಕು? ಜಗಳದ ಪಾಠ ಅಂತ ಒಂದಿದೆ. ಅದರಲ್ಲಿ ತಾಳ್ಮೆ, ಪ್ರೀತಿ ಅಂತ ಒಳ್ಳೆಯ ಮಾತುಗಳಿವೆ, ದಾರಿ ಇಲ್ಲ. ನಡಾವಳಿಗೆ ಕೊಟ್ಟ ಹಾಗೆ ಇಲ್ಲೂ ಒಂದು ಕೆಟ್ಟ ಉದಾಹರಣೆ ಕೊಟ್ಟು ತಿದ್ದಿಸಿದ್ದರೆ ಎಷ್ಟು ಉಪಯೋಗ ಆಗುತ್ತಿತ್ತು. ಈ ಬಗ್ಗೆ ಬರೆದು ಕೇಳಿದೆ. ಬಂದ ಉತ್ತರದಲ್ಲಿ ಥ್ಯಾಂಕ್ಸ್ ಮಾತ್ರ ಇತ್ತು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಒಬ್ಬೊಬ್ಬರೇ ಕೊಳ್ಳಬೇಡಿ, ಸೆಷನ್ ಲೆಕ್ಕದಲ್ಲಿ ಒಂದು ವರ್ಷಕ್ಕೆ ತೆಗೆದುಕೊಳ್ಳಿ. ಕ್ಲರ್ಕ್ ಭಾಗವನ್ನು ಎಲ್ಲರೂ ನೋಡಲಿ. ವರ್ಕ್‌ಬುಕ್ ಪ್ರಿಂಟ್ ತೆಗೆದಿಟ್ಟುಕೊಳ್ಳಿ, ಚಂದಾ ಮುಗಿದ ಮೇಲೆ ಅದು ತೆರೆಯುವುದಿಲ್ಲ.