ಗುಂಗುರು ಕೂದಲಿಗೆ ಯಾವುದು ವಾಸಿ: ಸೀಗೆಯಾ, ಚಿಗರೆಯಾ, ಶಾಂಪೂನಾ?

ನನ್ನದು ಹುಟ್ಟಿನಿಂದಲೇ ಗುಂಗುರು ಕೂದಲು. ಅದನ್ನು ನೇರ ಮಾಡಿಸುವ ಆಸೆ ನನಗಿಲ್ಲ. ಇರುವ ಗುಂಗುರು ಚೆನ್ನಾಗಿ ಉಳಿಯಬೇಕು, ತುದಿ ಸೀಳಬಾರದು, ಬಾಚುವಾಗ ಕಣ್ಣಲ್ಲಿ ನೀರು ಬರಬಾರದು, ಅಷ್ಟೇ. ಅದಕ್ಕೆ ತಲೆ ತೊಳೆಯಲು ಯಾವುದು ಒಗ್ಗುತ್ತದೆ ಎಂದು ನೋಡಲು ಸೀಗೆ, ಚಿಗರೆಪುಡಿ (ಚಿಗರೆ ಮರದ ಒಣ ಎಲೆಯ ಪುಡಿ), ಸಲ್ಫೇಟ್ ಇಲ್ಲದ ಶಾಂಪೂ ಮೂರನ್ನೂ ಒಂದೊಂದು ಕಾಲ ಬಿಡದೆ ಬಳಸಿದೆ. ನೀರು ಕೂಡ ಎರಡು ಥರದ್ದು ಸಿಕ್ಕಿತು. ಮೈಸೂರಿನ ರಿಂಗ್ ರಸ್ತೆಯಾಚೆಗಿನ ನಮ್ಮ ಮನೆಯಲ್ಲಿ ಬೋರ್‌ವೆಲ್ ನೀರು, ಸರಸ್ವತಿಪುರಂನ ತವರಿನಲ್ಲಿ ಕಾವೇರಿ ನೀರು.

ಗುಂಗುರು ಕೂದಲಿನ ದೊಡ್ಡ ತೊಂದರೆ ಒಣಗುವುದು. ತಲೆಯ ಚರ್ಮದಲ್ಲಿ ಹುಟ್ಟುವ ಜಿಡ್ಡು ನೇರ ಕೂದಲಿನ ಮೇಲೆ ಸಲೀಸಾಗಿ ಕೆಳಗಿಳಿಯುತ್ತದೆ. ಸುರುಳಿ ಇದ್ದರೆ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ. ಬುಡ ಜಿಡ್ಡು, ತುದಿ ತೆಂಗಿನ ನಾರಿನ ಹಾಗೆ. ಹಾಗಾಗಿ ಯಾವುದು ಎಷ್ಟು ಕೊಳೆ ತೆಗೆಯಿತು ಅನ್ನೋದಕ್ಕಿಂತ, ಕೊಳೆ ಹೋದ ಮೇಲೆ ಕೂದಲಿನಲ್ಲಿ ಎಷ್ಟು ನುಣುಪು ಉಳಿಯಿತು ಎಂಬುದನ್ನೇ ನಾನು ಮುಖ್ಯವಾಗಿ ನೋಡಿದೆ.

ಮೊದಲು ಸೀಗೆ. ಅದರ ಸಿಪ್ಪೆಯಲ್ಲಿ ಸಪೋನಿನ್ ಅನ್ನುವ ಪದಾರ್ಥ ಇದೆ, ನೊರೆ ಬರುವುದೂ ಜಿಡ್ಡು ಬಿಡುವುದೂ ಅದರಿಂದಲೇ. ಎಣ್ಣೆಸ್ನಾನದ ದಿನ ಸೀಗೆಯ ಸಮಕ್ಕೆ ಇನ್ನೊಂದಿಲ್ಲ. ಎಣ್ಣೆ ಹೋಗುತ್ತದೆ, ಆದರೂ ಕೂದಲು ಪೂರ್ತಿ ಬರಿದಾಗುವುದಿಲ್ಲ. ತೊಂದರೆ ಇರುವುದು ಪುಡಿಯಲ್ಲಿ. ಗಿರಣಿಯಲ್ಲಿ ಎಷ್ಟೇ ನುಣ್ಣಗೆ ಬೀಸಿಸಿದರೂ ಸಿಪ್ಪೆಯ ಚೂರುಗಳು ಸುರುಳಿಯೊಳಗೆ ಸಿಕ್ಕಿಕೊಳ್ಳುತ್ತವೆ. ತಲೆ ಒಣಗಿದ ಮೇಲೆ ಬೆರಳಾಡಿಸಿದರೆ ಭುಜದ ಮೇಲೆಲ್ಲಾ ಕಂದು ಪುಡಿ ಉದುರುತ್ತದೆ. ಅದನ್ನು ಕೆರೆದು ತೆಗೆಯಲು ಹೋದರೆ ಕೂದಲು ತುಂಡಾಗುತ್ತದೆ. ನೇರ ಕೂದಲಿನವರಿಗೆ ಈ ಕಷ್ಟ ಅಷ್ಟಿಲ್ಲ, ಎರಡು ಚೊಂಬು ನೀರು ಹುಯ್ದರೆ ಜಾರಿ ಹೋಗುತ್ತದೆ.

ಅದಕ್ಕೆ ಗುಂಗುರು ಕೂದಲಿಗೆ ಸೀಗೆ ಬೇಕೆಂದರೆ ಪುಡಿ ಬಿಟ್ಟು ಕಷಾಯ ಮಾಡಿಕೊಳ್ಳಿ. ಕಾಯಿ ಒಡೆದು ಬೀಜ ತೆಗೆದು, ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದು ಕುದಿ ಬರಿಸಿ, ತೆಳು ಬಟ್ಟೆಯಲ್ಲಿ ಸೋಸಿ. ಚಹಾ ಬಣ್ಣದ ನೀರು ಬರುತ್ತದೆ. ಅದನ್ನು ಬುಡಕ್ಕೆ ಮಾತ್ರ ಹುಯ್ದು ಉಜ್ಜಬೇಕು, ಕೆಳಗಿನ ಕೂದಲಿಗೆ ಹರಿದು ಹೋಗುವ ನೀರೇ ಸಾಕು. ಕಣ್ಣು ಗಟ್ಟಿ ಮುಚ್ಚಿಕೊಳ್ಳಿ, ಉರಿ ಸಾಮಾನ್ಯ ಅಲ್ಲ. ವಾರದ ದಿನಗಳಲ್ಲಿ ಇಷ್ಟೆಲ್ಲಾ ಮಾಡುವ ಪುರುಸೊತ್ತು ಯಾರಿಗಿದೆ ಹೇಳಿ?

ಅಂಟುವಾಳವನ್ನೂ ನೋಡಿದೆ. ನೊರೆ ಜಾಸ್ತಿ, ಆದರೆ ಕೂದಲು ಒಣಗಿ ಒರಟಾಗುತ್ತದೆ. ಅದು ರೇಷ್ಮೆ ಸೀರೆ ತೊಳೆಯಲು ಇರಲಿ.

ಇನ್ನು ಚಿಗರೆ. ಇದರ ಬಗ್ಗೆ ಮಾತಾಡುವವರು ಕಡಿಮೆ, ನನಗೆ ಹೇಳಲು ಇರುವುದು ಇದರದ್ದೇ ಜಾಸ್ತಿ. ದೇವರಾಜ ಮಾರುಕಟ್ಟೆ ಸುತ್ತಿನ ಗ್ರಂಧಿಗೆ ಅಂಗಡಿಗಳಲ್ಲಿ ಸೀಗೆಪುಡಿಯ ಪಕ್ಕದಲ್ಲೇ ಹಸಿರು ಪುಡಿ ಇಟ್ಟಿರುತ್ತಾರೆ, ಅದೇ. ಒಣಗಿಸಿದ ಎಲೆಯ ಪುಡಿ. ನಾನು ಕೊಳ್ಳಲು ಹೋದಾಗ ಅಂಗಡಿಯವರು ಕೂದಲು ನೋಡಿಯೇ ಹೇಳಿದರು, "ಅಕ್ಕ, ನಿಮ್ಮ ಕೂದಲಿಗೆ ಚಿಗರೆ ಜಾಸ್ತಿ ಹಾಕಿ, ಸೀಗೆ ಸ್ವಲ್ಪ ಸಾಕು." ಅವರ ಮಾತು ನೂರಕ್ಕೆ ನೂರು ನಿಜ.

ಚಿಗರೆಪುಡಿಗೆ ನೀರು ಬೆರೆಸಿ ಸ್ವಲ್ಪ ಹೊತ್ತು ಬಿಟ್ಟರೆ ಲೋಳೆ ಲೋಳೆಯಾಗುತ್ತದೆ. ಬೆರಳ ನಡುವೆ ಹಿಡಿದು ಎಳೆದರೆ ಜಾರುತ್ತದೆ. ಗುಂಗುರು ಕೂದಲಿಗೆ ಬೇಕಾಗಿರುವುದು ಈ ಜಾರುವ ಗುಣವೇ. ಒದ್ದೆ ಕೂದಲು ಒಣ ಕೂದಲಿಗಿಂತ ಬೇಗ ಹಿಗ್ಗುತ್ತದೆ, ಬೇಗ ತುಂಡಾಗುತ್ತದೆ. ಚಿಗರೆ ತಲೆಯ ಮೇಲೆ ಇರುವಾಗಲೇ ತುದಿಯಿಂದ ಶುರುಮಾಡಿ ಮೇಲಕ್ಕೆ ಬೆರಳಲ್ಲೇ ಸಿಕ್ಕು ಬಿಡಿಸಿಕೊಂಡರೆ, ಆಮೇಲೆ ಬಾಚಣಿಗೆಗೆ ಕೆಲಸವೇ ಇರುವುದಿಲ್ಲ. ಬಚ್ಚಲ ಜಾಲರಿಯಲ್ಲಿ ಸಿಗುವ ತುಂಡು ಕೂದಲು ಕಡಿಮೆಯಾದದ್ದು ನನಗೆ ಕಣ್ಣಿಗೆ ಕಂಡಿತು. ಬುಡಸಮೇತ ಉದುರುವ ಕೂದಲಿನ ಲೆಕ್ಕ ಬೇರೆ. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತದೆ, ಅದಕ್ಕೆ ಸುಮ್ನೆ ಗಾಬರಿಯಾಗಬೇಡಿ.

ನನ್ನ ಅಳತೆ ಇಷ್ಟು: ಎರಡು ಚಮಚ ಚಿಗರೆ, ಒಂದು ಚಮಚ ಸೀಗೆ, ಕಲಸಲು ಅನ್ನ ಬಸಿದ ಗಂಜಿ. ಗಂಜಿ ತಣ್ಣಗಿರಬೇಕು. ಇಲ್ಲೂ ಪುಡಿಯೇ ತಾನೇ ಅನ್ನಬಹುದು. ಹೌದು, ಅದಕ್ಕೇ ವಸ್ತ್ರಗಾಲಿತ ಮಾಡಿಕೊಳ್ಳಿ, ಅಂದರೆ ಪುಡಿಯನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಚಿಗರೆ ಎಲೆಯ ಪುಡಿಯಾದ್ದರಿಂದ ಹೂವಿನಷ್ಟು ಮೆತ್ತಗೆ ಇಳಿಯುತ್ತದೆ, ಸೀಗೆಯ ಹಾಗೆ ಸುರುಳಿಗೆ ಕಚ್ಚಿಕೊಳ್ಳುವುದಿಲ್ಲ. ಬರೀ ಚಿಗರೆ ಹಾಕಿದರೆ ತುಂಬಾ ಎಣ್ಣೆ ಹಚ್ಚಿದ ದಿನ ಬುಡ ಪೂರ್ತಿ ಬಿಡುವುದಿಲ್ಲ, ಅದೊಂದೇ ಕೊರತೆ. ಕೊಳ್ಳುವಾಗ ಬಣ್ಣ ನೋಡಿ. ಹಸಿರು ಹೋಗಿ ಕಂದಾಗಿದ್ದರೆ ಹಳೇ ಮಾಲು.

ಶಾಂಪೂ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಸೋಡಿಯಂ ಲಾರಿಲ್ ಸಲ್ಫೇಟ್ ಇರುವ ಗಟ್ಟಿ ಶಾಂಪೂ ಗುಂಗುರು ಕೂದಲಿನಲ್ಲಿ ಉಳಿದಿರುವ ಅಷ್ಟಿಷ್ಟು ಜಿಡ್ಡನ್ನೂ ಬಳಿದು ಹಾಕುತ್ತದೆ, ಅದು ಬೇಡ. ಸಲ್ಫೇಟ್ ಇಲ್ಲದ್ದು ಮೃದು. ಮೇಲೆ ಕಂಡೀಷನರ್ ಕೂಡ ಬೇಕೇ ಬೇಕು, ಖರ್ಚು ಎರಡಾಗುತ್ತದೆ. ಆದರೆ ಬೆಳಿಗ್ಗೆ ಆಫೀಸಿಗೆ ಓಡುವವರಿಗೆ, ಹಾಸ್ಟೆಲಿನಲ್ಲಿ ಇರುವ ಹುಡುಗಿಯರಿಗೆ ಇದೇ ಸರಿ. ಪುಡಿ ಕಲಸುತ್ತಾ ಕೂರುವುದು ಅಲ್ಲಿ ಆಗದ ಮಾತು.

ಬೋರ್‌ವೆಲ್ ನೀರಿನಲ್ಲಂತೂ ಶಾಂಪೂಗೆ ಒಂದು ಅಂಕ ಜಾಸ್ತಿ ಕೊಡಬೇಕು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲಿಗೆ ಅಂಟಿಕೊಂಡು ಒರಟು ಮಾಡುತ್ತವೆ. ಸ್ನಾನದ ಸೋಪಿನಲ್ಲಿ ತಲೆ ತೊಳೆದರೆ ಇನ್ನೂ ಕಷ್ಟ, ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿ ಕೆನೆ ಇದೆಯಲ್ಲ, ಅದೇ ಕೂದಲಿಗೂ ಕಟ್ಟುತ್ತದೆ. ಸೀಗೆ, ಚಿಗರೆ ಆ ಕೆನೆ ಕಟ್ಟುವುದಿಲ್ಲ, ಆದರೆ ಅಂಟಿದ ಕ್ಯಾಲ್ಸಿಯಂ ಪೂರ್ತಿ ತೆಗೆಯುವುದೂ ಇಲ್ಲ. ಬಾಟಲಿಯ ಹಿಂದೆ ಇಡಿಟಿಎ ಎಂದು ಬರೆದಿದ್ದರೆ ಅದು ಕ್ಯಾಲ್ಸಿಯಂ ಹಿಡಿದುಕೊಳ್ಳುವ ಪದಾರ್ಥ. ಅಂಥ ಶಾಂಪೂವನ್ನು ನಾನು ತಿಂಗಳಿಗೊಮ್ಮೆ ಹಾಕುತ್ತೇನೆ. ಅದೇ ಚಿಗರೆ, ಅದೇ ಗಂಜಿ ತವರಿನ ಕಾವೇರಿ ನೀರಿನಲ್ಲಿ ಕೊಡುವ ಹೊಳಪೇ ಬೇರೆ. ನಮ್ಮ ಮನೆಯಲ್ಲಿ ಕೊನೆಯ ಚೊಂಬಿಗೆ ಮಳೆನೀರು ಹಿಡಿದಿಟ್ಟುಕೊಳ್ಳುತ್ತೇನೆ, ಅದರಿಂದಲೇ ಎಷ್ಟೋ ವಾಸಿಯಾಗಿದೆ.

ಎಣ್ಣೆಯ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ: ಗಾಣದ ಕೊಬ್ಬರಿ ಎಣ್ಣೆ. ಅದರಲ್ಲಿರುವ ಲಾರಿಕ್ ಆಮ್ಲ ಕೂದಲಿನ ಒಳಗೆ ಇಳಿದು ಪ್ರೋಟೀನ್ ಸೋರುವುದನ್ನು ಕಡಿಮೆ ಮಾಡುತ್ತದೆ. ತೊಳೆಯುವ ಮುಂಚೆ ಹಚ್ಚಿದರೆ ಒಳ್ಳೆಯದು. ಹರಳೆಣ್ಣೆ ಮಂದ, ಮೇಲೆಯೇ ಕೂರುತ್ತದೆ. ಹರಳೆಣ್ಣೆ ಬೆರೆಸಿ ಹಚ್ಚಿ ತೊಳೆದ ಮೇಲೆ ಉದ್ದ ಕೂದಲು ಬಿಡಿಸಲಾರದಷ್ಟು ಜಡೆಗಟ್ಟಿದ ಪ್ರಕರಣ 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಗುಂಗುರಿನವರು ಹುಷಾರಾಗಿರಿ. ತಲೆಹೊಟ್ಟು ಇದ್ದರೆ ಯಾವ ಎಣ್ಣೆಯನ್ನೂ ರಾತ್ರಿಯಿಡೀ ಬುಡದಲ್ಲಿ ಬಿಡಬೇಡಿ. ಹೊಟ್ಟಿಗೆ ಕಾರಣವಾದ ಶಿಲೀಂಧ್ರ ಜಿಡ್ಡನ್ನೇ ತಿಂದು ಬೆಳೆಯುತ್ತದೆ.

ಮಲಗುವಾಗ ಹತ್ತಿಯಾ, ರೇಷ್ಮೆಯಾ? ಹತ್ತಿ ದಿಂಬಿನ ಬಟ್ಟೆ ಕೂದಲನ್ನು ಹಿಡಿದೆಳೆಯುತ್ತದೆ, ಎದ್ದಾಗ ಹಿಂಭಾಗವೆಲ್ಲಾ ಸಿಕ್ಕು. 1912ರಿಂದ ರೇಷ್ಮೆ ಕಾರ್ಖಾನೆ ಇರುವ ಊರು ನಮ್ಮದು, ಯಾರ ಮನೆಯ ಬೀರುವಿನಲ್ಲಿ ಹಳೇ ಮೈಸೂರು ರೇಷ್ಮೆ ಸೀರೆ ಇಲ್ಲ? ಅಂಚು ಹರಿದು ಉಡಲಾಗದೆ ಉಳಿದದ್ದು ಇದ್ದರೆ ಜರಿ ಬಿಟ್ಟು ಮೈಭಾಗವನ್ನು ದಿಂಬಿಗೆ ಹೊಲಿಸಿ. ಮಿಕ್ಕ ತುಂಡನ್ನು ನಾನು ಸ್ಕೂಟರ್ ಓಡಿಸುವಾಗ ಹೆಲ್ಮೆಟ್ಟಿನೊಳಗೆ ಕಟ್ಟಿಕೊಳ್ಳುತ್ತೇನೆ. ಏಪ್ರಿಲ್ ಬಿಸಿಲಿನಲ್ಲಿ ಮಾತ್ರ ಅಲ್ಲಿ ಹತ್ತಿಯೇ ಮೇಲು, ಬೆವರು ಹೀರುತ್ತದೆ.