ಸೆಮಿನಾರಿಗೆ ಮಾಂಟೆನೆಗ್ರೊನಾ, ಉತ್ತರ ಮ್ಯಾಸಿಡೋನಿಯಾನಾ?

ಐರೋಪ್ಯ ಒಕ್ಕೂಟದ ಬಾಗಿಲಲ್ಲಿ ಕಾಯುತ್ತಿರುವ ಈ ಎರಡರಲ್ಲಿ ಯಾವುದನ್ನು ಆರಿಸಲಿ ಎಂದು ಕೇಳಿದ್ದೀರಿ. ಎರಡೂ ಹಳೆಯ ಯುಗೊಸ್ಲಾವಿಯದ ತುಂಡುಗಳೇ, ಪಾಡು ಮಾತ್ರ ಬೇರೆ.

ಹದಿನೈದು ನಿಮಿಷದಲ್ಲಿ ಮುಗಿಸಬೇಕೆಂದರೆ ಮಾಂಟೆನೆಗ್ರೊ ಸಲೀಸು. 2012ರಲ್ಲಿ ಮಾತುಕತೆ ಶುರುವಾಗಿ 2020ರ ಹೊತ್ತಿಗೆ ಚರ್ಚೆಯ 33 ಅಧ್ಯಾಯಗಳೂ (ಒಂದೊಂದು ವಿಷಯಕ್ಕೆ ಒಂದೊಂದು ಕಂತು) ತೆರೆದಿದ್ದವು. ತೆರೆದದ್ದನ್ನು ಮುಚ್ಚುವುದೇ, ಅಂದರೆ ಚರ್ಚೆ ಮುಗಿಸುವುದೇ ಕಷ್ಟ. ನ್ಯಾಯಾಂಗ, ಭ್ರಷ್ಟಾಚಾರದ ಕಡೆ ನೋಡಿ. ತಮಾಷೆಯೆಂದರೆ, ಸದಸ್ಯನಾಗುವ ಮೊದಲೇ ಅಲ್ಲಿ ಕಾಫಿಗೂ ಯೂರೋ ಎಣಿಸುತ್ತಾರೆ.

ಕಥೆಯಲ್ಲಿ ಕಸುವು ಬೇಕಿದ್ದರೆ ಉತ್ತರ ಮ್ಯಾಸಿಡೋನಿಯಾ. 2005ರಿಂದಲೂ ಅಭ್ಯರ್ಥಿ. ‘ಮ್ಯಾಸಿಡೋನಿಯಾ ನಮ್ಮ ಪ್ರಾಂತ್ಯದ ಹೆಸರು’ ಎಂದು ಗ್ರೀಸ್ ತಕರಾರು ತೆಗೆಯಿತು. 2019ರಲ್ಲಿ ದೇಶ ಹೆಸರನ್ನೇ ಬದಲಿಸಿಕೊಂಡಿತು. ಅದೇ ವರ್ಷ ಫ್ರಾನ್ಸ್ ಅಡ್ಡಗಾಲು ಹಾಕಿತು, ಮರುವರ್ಷ ಭಾಷೆ-ಇತಿಹಾಸದ ಜಗಳ ಹಿಡಿದು ಬಲ್ಗೇರಿಯಾ. 2022ರಲ್ಲಿ ಮಾತುಕತೆ ಆರಂಭವಾಯಿತು, ಹೆಸರಿಗೆ. ಮುಂದಿನ ಹೆಜ್ಜೆಗೆ ಬಲ್ಗೇರಿಯನ್ನರನ್ನು ಸಂವಿಧಾನದಲ್ಲಿ ಹೆಸರಿಸಬೇಕೆಂಬ ಷರತ್ತು. ಹೆಸರನ್ನೇ ಬಿಟ್ಟುಕೊಟ್ಟವರಿಗೆ ಸಿಕ್ಕಿದ್ದು ಇಷ್ಟೇ ಎಂದು ನನಗಂತೂ ಬೇಸರ.

ಓದುವ ಹೊರೆ? ಮೊದಲನೆಯದಕ್ಕೆ ಐರೋಪ್ಯ ಆಯೋಗದ (ಒಕ್ಕೂಟದ ಕಾರ್ಯಾಂಗ) ವಾರ್ಷಿಕ ವರದಿಗಳಿದ್ದರೆ ಹೆಚ್ಚುಕಡಿಮೆ ಸಾಕು. ಎರಡನೆಯದಕ್ಕೆ ಬಾಲ್ಕನ್ ಇತಿಹಾಸ ಓದದೆ ಗತಿಯಿಲ್ಲ. ನಿಮ್ಮ ಗೈಡ್ ಆಡಳಿತ ಸುಧಾರಣೆಯವರಾದರೆ ಮಾಂಟೆನೆಗ್ರೊ ಹಿಡಿಯಿರಿ. ವೀಟೊ, ಅಸ್ಮಿತೆ ಎಂದರೆ ಕಿವಿ ನಿಮಿರಿಸುವವರಾದರೆ ಇನ್ನೊಂದು.